ಚತುರ್ದಶಿಯ ಚಟ್ನಿ

ಗಂಡಸು ಮನಸ್ಸು ಮಾಡಿದರೆ ಚಟ್ನಿ ಯಾವ ಮಹಾ ವಿದ್ಯೆ ಎಂದು ಆ ಬೆಳಿಗ್ಗೆ ಅಡುಗೆಮನೆಗೆ ದಂಡಯಾತ್ರೆ ಹೊರಟವನು ನಾನು. ಮಗಳು ಜಿನಲ್‌ಳನ್ನು ನೋಡಲು ಹುಡುಗನ ತಾಯಿ ವಸುಮತಿಬೆನ್ ಹನ್ನೊಂದಕ್ಕೆ ಬರುವವರಿದ್ದರು. ಹಿಂದೆ ಮೂರು ಸಂಬಂಧಗಳು ನಮ್ಮ ಹೊಸ್ತಿಲವರೆಗೆ ಬಂದು ವಾಪಸಾಗಿದ್ದವು. ಈ ಹುಡುಗನನ್ನು ಜಿನಲ್ ಮನಸಾರೆ ಮೆಚ್ಚಿದ್ದಳು. ಇದೂ ತಪ್ಪಿಹೋದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಹೆಂಡತಿ ಸುಲೋಚನಾ ಮುನಿಗಳ ಪ್ರವಚನಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ಜಿನಲ್ ಪಪ್ಪಾ, ಢೋಕ್ಲಾ ಮಾಡಿಟ್ಟಿದೀನಿ. ಅವರು ಬರೋದ್ರೊಳಗೆ ಬಂದ್ಬಿಡ್ತೀನಿ. ನೀವು ಏನೂ ಮಾಡ್ಬೇಡಿ, ಅದೇ ದೊಡ್ಡ ಉಪಕಾರ."

"ಜೊತೆಗೆ ಚಟ್ನಿ ಬೇಡ್ವಾ?" ಎನ್ನುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು.

ತರಕಾರಿಯವಳು ಅಂದು ನಮ್ಮ ಓಣಿಗೆ ಬಂದಿರಲಿಲ್ಲ. ಅವಳ ಸೋಮಾರಿತನವನ್ನು ಬೈಯುತ್ತ ಎರಡು ಓಣಿ ದಾಟಿ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ತಂದೆ. ನಾವು ಜೈನರು, ಬೆಳ್ಳುಳ್ಳಿ, ಹಸಿಶುಂಠಿ ಮುಟ್ಟುವುದಿಲ್ಲ. ಆ ಧರ್ಮಸೂಕ್ಷ್ಮವನ್ನು ನೆನಪಿಟ್ಟುಕೊಂಡಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಶುಂಠಿಯಿಲ್ಲದ ನಷ್ಟ ತುಂಬಲು ಹನ್ನೆರಡು ಮೆಣಸಿನಕಾಯಿ ಹಾಕಿ ಮಿಕ್ಸಿ ತಿರುಗಿಸಿದೆ. ಬಣ್ಣವೋ, ಗಿಳಿ ನಾಚಬೇಕು!

ಸುಲೋಚನಾ ಬರುವ ಮೊದಲೇ ವಸುಮತಿಬೆನ್ ಬಂದರು. ಜಿನಲ್ ಢೋಕ್ಲಾ ತಂದಿಟ್ಟಳು. ಹಿಂದೆಯೇ ನಾನು ಚಟ್ನಿಯ ಬಟ್ಟಲು ಹಿಡಿದು ರಾಜಠೀವಿಯಿಂದ ಪ್ರವೇಶಿಸಿದೆ. ಬಟ್ಟಲು ಕಂಡದ್ದೇ ಮಗಳ ಮುಖ ಬಿಳಿಚಿಕೊಂಡಿತು.

"ಪ್ರಬೋಧ್‌ಭಾಯ್, ಇವತ್ತು ಚತುರ್ದಶಿ ಅಲ್ವಾ?" ಎಂದರು ವಸುಮತಿಬೆನ್.

ಚತುರ್ದಶಿಯಂದು ನಮ್ಮವರು ಹಸಿರು ಸೊಪ್ಪು, ತರಕಾರಿ ತಿನ್ನುವುದಿಲ್ಲ. ಜೈನರೇ ತುಂಬಿರುವ ನಮ್ಮ ಓಣಿಗೆ ತರಕಾರಿಯವಳು ಬಾರದಿದ್ದುದು ಅದಕ್ಕೇ. ಅವಳಿಗೂ ಗೊತ್ತಿದ್ದ ತಿಥಿ ನನಗೆ ಗೊತ್ತಿರಲಿಲ್ಲ.

ನಾಲಿಗೆ ನನ್ನನ್ನು ಕೇಳದೆಯೇ ಸುಳ್ಳು ಹೇಳಿಬಿಟ್ಟಿತು: "ಇದು ಹಸಿ ಸೊಪ್ಪಲ್ಲ ಬೆನ್. ಬೇಸಿಗೇಲಿ ಒಣಗಿಸಿಟ್ಟ ಪುದೀನದ ಪುಡಿ."

"ಹೌದಾ? ಮೂವತ್ತು ವರ್ಷದಿಂದ ಈ ತಿಥಿಗೆ ಬರೀ ಢೋಕ್ಲಾ ನುಂಗ್ತಾ ಇದೀನಿ. ಕೊಡಿ ಇಲ್ಲಿ," ಎಂದು ಅವರು ಖುಷಿಯಿಂದ ಒಂದು ತುಂಡು ಎತ್ತಿಕೊಂಡರು.

ನಿಜ ಹೇಳಿದರೆ ಸಂಬಂಧ ಹೋಗುತ್ತದೆ. ಹೇಳದಿದ್ದರೆ ಮೂವತ್ತು ವರ್ಷದ ನಿಯಮ ನನ್ನ ಕೈಯಿಂದ ಮುರಿಯುತ್ತದೆ. ಜಿನಲ್ ನನ್ನನ್ನೇ ನೋಡುತ್ತಿದ್ದಳು. ಢೋಕ್ಲಾ ಚಟ್ನಿಗೆ ತಾಗಲು ಎರಡೇ ಬೆರಳಿನಷ್ಟು ಬಾಕಿಯಿತ್ತು. ತಡೆಯಲಾಗಲಿಲ್ಲ, ಬಟ್ಟಲು ಕಿತ್ತುಕೊಂಡು ಗಟಗಟನೆ ನಾನೇ ಕುಡಿದುಬಿಟ್ಟೆ.

ಹನ್ನೆರಡು ಮೆಣಸಿನಕಾಯಿಗಳೂ ಒಮ್ಮೆಲೇ ದಂಗೆಯೆದ್ದವು. ಕಣ್ಣು, ಮೂಗು ಎರಡರಲ್ಲೂ ನೀರು. "ಸುಳ್ಳು ಹೇಳ್ದೆ ಬೆನ್... ಹಸಿ ಕೊತ್ತಂಬರಿ... ಈಗಷ್ಟೇ ತಂದಿದ್ದು..." ಎಂದು ಬಿಕ್ಕಳಿಸುತ್ತ ಒಪ್ಪಿಕೊಂಡೆ. ಅದೇ ಹೊತ್ತಿಗೆ ಸುಲೋಚನಾ ಬಂದು ಬಾಗಿಲಲ್ಲೇ ಕಲ್ಲಾದಳು.

ಜಿನಲ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿಗೆ ಸಕ್ಕರೆ ಸುರಿದು, ಮೀಸೆಯ ಹಸಿರು ಒರೆಸಿದಳು. ಆಮೇಲೆ ಅತಿಥಿಗೆ ಬಿಸಿ ಚಹಾ ತಂದಿಟ್ಟಳು.

ವಸುಮತಿಬೆನ್ ಎಲ್ಲವನ್ನೂ ನೋಡಿ ಮೆಲ್ಲಗೆ ಕೇಳಿದರು: "ಹೀಗಾಗಿದ್ದು ಇದೇ ಮೊದಲಾ?"

"ಈ ತಿಂಗಳಲ್ಲಿ ಮೂರನೇ ಸಲ," ಎಂದಳು ಜಿನಲ್.

ಅವರು ಸುಲೋಚನಾಳತ್ತ ತಿರುಗಿದರು. "ಸಂಬಂಧ ನನಗೆ ಒಪ್ಪಿಗೆ. ಇಂಥ ಅಪ್ಪನ್ನ ಸಂಭಾಳಿಸೋ ಹುಡುಗಿಗೆ ನನ್ನ ಮಗ ಯಾವ ಲೆಕ್ಕ?"