ಅರವತ್ತಮೂರು ಕಂದು ಮೂತ್ರಪಿಂಡಗಳು

ಮನುಷ್ಯನ ಮಾಂಸಕ್ಕೆ ಸ್ವಂತ ಬಣ್ಣವಿಲ್ಲ. ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡಿದರೆ ಕೂಲಿಯವನ ಮೂತ್ರಪಿಂಡವೂ ಬ್ಯಾಂಕ್ ಮ್ಯಾನೇಜರನ ಮೂತ್ರಪಿಂಡವೂ ಒಂದೇ ರೀತಿ ನೀರಿನಂತೆ ಕಾಣುತ್ತವೆ. ಬಣ್ಣ ಕೊಡುವವರು ನಾವು. ನಾವೆಂದರೆ ವಿನಿಪೆಗ್ ನಗರದ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಅಂಗಾಂಶ ವರ್ಣಲೇಪನ ವಿಭಾಗ. ಅದರ ಮುಖ್ಯಸ್ಥನಾದ ನಾನು, ಡಾಕ್ಟರ್ ಕಾರ್ನೀಲಿಯಸ್ ಥೀಸನ್. ಮತ್ತು ಕೆಲಸ ಮಾಡುವ ಡಾರ್ಲೀನ್ ಕೊವಾಲ್.

ವಿಧಾನ ಸರಳವಾದದ್ದು. ರೋಗಿಯ ಅಂಗದ ಚೂರಿನ ಮೇಲೆ ಆ್ಯಂಟಿಬಾಡಿಯ ಹನಿ ಬಿಡಬೇಕು. ಅದು ತನಗೆ ಬೇಕಾದ ಪ್ರೋಟೀನನ್ನು ಮಾತ್ರ ಹುಡುಕಿ ಹಿಡಿಯುತ್ತದೆ. ಆಮೇಲೆ ಬಣ್ಣದ ಹನಿ ಬಿಟ್ಟರೆ, ಆ್ಯಂಟಿಬಾಡಿ ಹಿಡಿದ ಕಡೆಯೆಲ್ಲ ಕಂದಾಗುತ್ತದೆ. ಕಂದು ಹೆಚ್ಚಿದಷ್ಟೂ ಪ್ರೋಟೀನ್ ಹೆಚ್ಚು. ಆ ಕಂದಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವುದು ನನ್ನ ಕೆಲಸ. ಇದಕ್ಕಾಗಿ ನಾನು ಹದಿಮೂರು ವರ್ಷ ಓದಿದ್ದೇನೆ.

ನಾನು ಕಂಡುಹಿಡಿದ ಪ್ರೋಟೀನಿನ ಹೆಸರು ಥೀಸಿನ್. ಈ ಹೆಸರು ಬೇಡವೆಂದು ನಾನು ಸಭೆಯಲ್ಲಿ ಬಲವಾಗಿ ವಿರೋಧಿಸಿದ್ದೆ. ಸೂಚಿಸಿದವನೂ ನಾನೇ ಆಗಿದ್ದರಿಂದ ಸಭೆ ಗಲಿಬಿಲಿಗೊಂಡು ಒಪ್ಪಿಕೊಂಡಿತು. ಥೀಸಿನ್‌ಗೆ ಎರಡು ಅಥವಾ ಹೆಚ್ಚು ಅಂಕ ಬಂದರೆ ಆ ಮೂತ್ರಪಿಂಡ ಬೇಗ ಹಾಳಾಗುತ್ತದೆ ಎಂಬುದು ನನ್ನ ಸಂಶೋಧನೆ. ಇದನ್ನು ನಂಬಿ ಆಸ್ಪತ್ರೆಯು ಐದನೇ ಮಹಡಿಯಲ್ಲಿ ಥೀಸಿನ್ ಚಿಕಿತ್ಸಾ ಕೇಂದ್ರವನ್ನು ತೆರೆಯಿತು. ಎರಡು, ಮೂರು ಅಂಕ ಪಡೆದ ಅರವತ್ತಮೂರು ಮಂದಿಗೆ ಅಲ್ಲಿ ಭಾರಿ ಔಷಧ ನಡೆಯುತ್ತಿತ್ತು.

ಅವರಲ್ಲೊಬ್ಬರು ಓರೆಸ್ಟ್ ಬೋಯ್ಕೋ, ನಿವೃತ್ತ ಬಸ್ ಡ್ರೈವರ್. ನಾಲ್ಕು ವರ್ಷದ ಹಿಂದೆ ಜ್ವರ ಬಂದು ಹೋದ ಮೇಲೆ ಮೂತ್ರದಲ್ಲಿ ನೊರೆ ಕಂಡಿತೆಂದು ಬಂದಿದ್ದರು. ನಾನು ಧಾರಾಳವಾಗಿ ಮೂರು ಅಂಕ ಕೊಟ್ಟೆ. ಔಷಧದಿಂದ ಅವರ ಮುಖ ಊದಿತು, ಕೈ ನಡುಗತೊಡಗಿತು, ನಾಲಿಗೆಯ ರುಚಿ ಹೋಯಿತು. ಆದರೂ ಪ್ರತಿ ಜನವರಿಯಲ್ಲಿ, ತಮ್ಮ ಉಕ್ರೇನಿಯನ್ ಕ್ರಿಸ್ಮಸ್‌ಗೆ, ಹೆಂಡತಿ ಸ್ಟೆಫಾ ಆಲೂಗಡ್ಡೆ ತುಂಬಿ ಮಾಡಿದ ಪೆರೋಗಿ ಕಡುಬಿನ ಡಬ್ಬಿ ಹಿಡಿದು ನೆಲಮಾಳಿಗೆಗೆ ಇಳಿದು ಬರುತ್ತಿದ್ದರು.

"ನನಗಂತೂ ಒದ್ದೆ ರಟ್ಟು ತಿಂದಂಗಾಗತ್ತೆ ಡಾಕ್ಟ್ರೇ. ನೀವು ತಿಂದು ಹೇಳಿ, ಚೆನ್ನಾಗಿದ್ಯಾ?"

ನಾನು ತಿಂದು, ಅದಕ್ಕೂ ಮೂರು ಅಂಕ ಕೊಡುತ್ತಿದ್ದೆ.

ಹೀಗೆ ಎಲ್ಲವೂ ನಿಯಮಾನುಸಾರ ನಡೆಯುತ್ತಿರಲು, ಕಳೆದ ಫೆಬ್ರವರಿಯ ಒಂದು ಮಂಗಳವಾರ, ಹೊರಗೆ ಸೊನ್ನೆಗಿಂತ ಮೂವತ್ತೆರಡು ಡಿಗ್ರಿ ಕೆಳಗಿದ್ದಾಗ, ಡಾರ್ಲೀನ್ ನನ್ನ ಕೋಣೆಗೆ ಬಂದಳು.

"ನಿನ್ನೆಯ ಹನ್ನೆರಡು ಸ್ಲೈಡ್ ನೋಡಿದ್ರಾ?"

"ನೋಡಿದೆ. ತುಂಬ ಚೆನ್ನಾಗಿ ಬಂದಿವೆ. ಒಂಬತ್ತಕ್ಕೆ ಎರಡು, ಮೂರಕ್ಕೆ ಮೂರು."

"ಅದಕ್ಕೆ ಆ್ಯಂಟಿಬಾಡಿನೇ ಬಿದ್ದಿಲ್ಲ. ಬಾಟಲಿ ಖಾಲಿಯಾಗಿತ್ತು. ಮೆಶಿನ್ನು ಬರೀ ಗಾಳಿ ಊದಿದೆ."

"ಹಾಗಾದ್ರೆ ಕಂದು ಎಲ್ಲಿಂದ ಬಂತು?"

"ಅದನ್ನ ಕೇಳೋಕೇ ಬಂದೆ. ತಜ್ಞರು ನೀವಲ್ವಾ?"

ತಜ್ಞನಾದ ನಾನು ಅವಳಿಗೆ ಕುರ್ಚಿ ತೋರಿಸಿದೆ. ತಜ್ಞೆಯಲ್ಲದ ಡಾರ್ಲೀನ್ ವಿವರಿಸಿದಳು. ಮೂತ್ರಪಿಂಡದಲ್ಲಿ ಹುಟ್ಟಿನಿಂದಲೇ ಇರುವ ಒಂದು ಕಿಣ್ವಕ್ಕೆ ಬಣ್ಣದ ಹನಿ ಸಿಕ್ಕರೆ ಸಾಕು, ಯಾರ ಅಪ್ಪಣೆಗೂ ಕಾಯದೆ ಕಂದು ಮಾಡಿಬಿಡುತ್ತದೆ. ಅದರ ಬಾಯಿ ಕಟ್ಟಲು ಸ್ಲೈಡನ್ನು ಮೊದಲು ಹತ್ತು ನಿಮಿಷ ಪೆರಾಕ್ಸೈಡಿನಲ್ಲಿ ಅದ್ದಿಡಬೇಕು. ಆರು ವರ್ಷದ ಹಿಂದೆ, ಆಸ್ಪತ್ರೆಯ ಸಮಯ ಉಳಿತಾಯ ಅಭಿಯಾನದಲ್ಲಿ ಆ ಹತ್ತು ನಿಮಿಷಗಳನ್ನು ಉಳಿಸಿದವನು ನಾನೇ. ಅಭಿನಂದನಾ ಪತ್ರ ನನ್ನ ಗೋಡೆಯ ಮೇಲಿದೆ. ಅದಾದ ಮೇಲೆ, ಆ್ಯಂಟಿಬಾಡಿ ಹಾಕದೆ ತಾಳೆ ನೋಡಲೆಂದು ಪ್ರತಿ ಸಲವೂ ಇಡುತ್ತಿದ್ದ ಸ್ಲೈಡು, ಬಿಳಿಯಾಗಿಯೇ ಇರಬೇಕಾದದ್ದು, ಅದೂ ಕಂದಾಗತೊಡಗಿತು. ಇದನ್ನು ಶಿಸ್ತಿನ ಉಲ್ಲಂಘನೆಯೆಂದು ಪರಿಗಣಿಸಿ ಆ ಸ್ಲೈಡನ್ನು ನಾನು ಸೇವೆಯಿಂದ ವಜಾ ಮಾಡಿದ್ದೆ.

"ಆಗ್ಲೇ ಬರೆದುಕೊಟ್ಟಿದ್ದೆ," ಎಂದಳು ಡಾರ್ಲೀನ್. "ಮೂರು ಸಲ."

"ನಾನು 'ಗಮನಿಸಲಾಗಿದೆ' ಅಂತ ಷರಾ ಬರೆದಿದ್ದೆನಲ್ಲ."

"ಮೂರು ಸಲವೂ. ಅಕ್ಷರ ಮುತ್ತಿನ ಹಾಗಿತ್ತು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಾನು ಸರ್ಕಾರಿ ಸಂಬಳದಲ್ಲಿ ಕಂದು ಕಾಮಾಲೆಯನ್ನು ಸಾಕಿಕೊಂಡಿದ್ದೆ.

ಡಾರ್ಲೀನ್ ಕೋಟಿನ ಜೇಬಿನಿಂದ ಇನ್ನೊಂದು ಸ್ಲೈಡ್ ತೆಗೆದು ಮೇಜಿನ ಮೇಲಿಟ್ಟಳು. "ಬೋಯ್ಕೋ ಅವರದ್ದು. ನಾಲ್ಕು ವರ್ಷದ ಹಿಂದಿನ ಅದೇ ಚೂರು. ಹತ್ತು ನಿಮಿಷ ಅದ್ದಿ, ಹೊಸ ಬಾಟಲಿ ಒಡೆದು, ಸರಿಯಾಗಿ ಮಾಡಿದೀನಿ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಈ ಮೂಲೆಯಿಂದ ಆ ಮೂಲೆಯವರೆಗೆ ಹುಡುಕಿದೆ. ಕಂದಿನ ಒಂದು ಚುಕ್ಕೆಯೂ ಇರಲಿಲ್ಲ. ಸ್ಲೈಡಿನ ಮೇಲಿನ ಹೆಸರನ್ನು ಎರಡು ಸಲ ಓದಿದೆ.

"ಆ ಮನುಷ್ಯನ ಮನೆ ಪೆರೋಗಿ ತಿಂದಿದೀವಿ ನಾವಿಬ್ರೂ," ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಒಂದು ವಾರದಲ್ಲಿ ಅರವತ್ತಮೂರನ್ನೂ ಡಾರ್ಲೀನ್ ಹೊಸದಾಗಿ ಮಾಡಿದಳು. ನಲವತ್ತೊಂದು ಬಿಳಿಯಾದವು. ಇಪ್ಪತ್ತೆರಡರಲ್ಲಿ ಮಾತ್ರ ಥೀಸಿನ್ ನಿಜವಾಗಿಯೂ ಇತ್ತು. ನಾನು 'ತಪ್ಪಾಗಿದೆ' ಎಂದು ವರದಿ ಬರೆದು ನಿರ್ದೇಶಕಿ ಸೊಲಾಂಜ್ ಡೆರೋಸಿಯೆ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಥೀಸನ್, 'ತಪ್ಪು' ಅನ್ನೋದಕ್ಕೆ ನಮ್ಮ ಫಾರ್ಮಿನಲ್ಲಿ ಕಾಲಮ್ಮೇ ಇಲ್ವಲ್ಲ?"

"ಅಂಚಿನಲ್ಲಿ ಬರೆದಿದೀನಿ ಮೇಡಂ."

"ಈ ಬೋಯ್ಕೋಗೆ ಮೊದಲು ಎಷ್ಟಿತ್ತು?"

"ಮೂರು."

"ನಾವು ಔಷಧ ಕೊಟ್ವಿ. ಈಗ ಎಷ್ಟು?"

"ಸೊನ್ನೆ."

"ಇದನ್ನ ಏನಂತಾರೆ?"

"ತಪ್ಪು ಅಂತಾರೆ."

"ಗುಣ ಅಂತಾರೆ ಥೀಸನ್."

"ಆದ್ರೆ ಅದು ಹಳೇ ಚೂರು ಮೇಡಂ. ಔಷಧ ಶುರು ಮಾಡೋಕೆ ಮುಂಚೆ ತೆಗೆದದ್ದು."

ಅವರು ಕನ್ನಡಕ ಇಳಿಸಿದರು. "ಹಾಗಾದ್ರೆ ನಮ್ಮ ಔಷಧ ಹಿಂದಿನ ದಿನಾಂಕದಿಂದಲೂ ಕೆಲಸ ಮಾಡತ್ತೆ ಅಂತಾಯ್ತು. ಇದು ಇನ್ನೂ ದೊಡ್ಡ ವಿಷಯ."

ನಾನು ಬಾಯಿ ತೆರೆದೆ. ಅವರು ಎರಡು ಕಾಗದ ಮುಂದೆ ತಳ್ಳಿದರು. ತಪ್ಪು ಎಂದರೆ ತನಿಖಾ ಸಮಿತಿ, ಹದಿನೆಂಟು ತಿಂಗಳು, ಅಲ್ಲಿಯವರೆಗೆ ಯಥಾಸ್ಥಿತಿ. ಅಂದರೆ ನಲವತ್ತೊಂದು ಜನಕ್ಕೂ ಔಷಧ ಮುಂದುವರಿಯತಕ್ಕದ್ದು. ಗುಣ ಎಂದರೆ ಇವತ್ತಿನಿಂದಲೇ ಔಷಧ ಇಳಿಸುತ್ತ ಬಂದು ನಿಲ್ಲಿಸಬಹುದು. ನಾನು ಎರಡನೆಯದಕ್ಕೆ ಸಹಿ ಹಾಕಿದೆ. ದಯೆಯಿಂದ ಹಾಕಿದೆನೋ ಭಯದಿಂದ ಹಾಕಿದೆನೋ ಎಂದು ಕೇಳಿದರೆ, ದಯೆಗೆ ಒಂದು ಅಂಕ, ಭಯಕ್ಕೆ ಎರಡು.

ಮರುದಿನವೇ ಸುತ್ತೋಲೆ ಹೊರಟಿತು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಥೀಸಿನ್ ಔಷಧ ಹಾಗೂ ಹತ್ತು ನಿಮಿಷಗಳ ಪೆರಾಕ್ಸೈಡ್ ಸ್ನಾನ, ಇವೆರಡರ ಜಂಟಿ ಪ್ರಭಾವದಿಂದ ನಲವತ್ತೊಂದು ರೋಗಿಗಳು ಸಂಪೂರ್ಣ ಗುಣಮುಖರಾಗಿರುತ್ತಾರೆ. ಸದರಿ ಸ್ನಾನವು ಸ್ಲೈಡಿಗೆ ಸಂಬಂಧಿಸಿದ್ದಾಗಿದ್ದು, ರೋಗಿಗಳು ಖುದ್ದು ಹಾಜರಾಗುವ ಅಗತ್ಯವಿರುವುದಿಲ್ಲ. ಉಳಿದ ಇಪ್ಪತ್ತೆರಡು ಮಂದಿಯಲ್ಲಿ ರೋಗವು ನಿಜವಾಗಿಯೂ ಇರುವುದು ಕಂಡುಬಂದಿದ್ದು, ಇದಕ್ಕಾಗಿ ಆಡಳಿತವು ವಿಷಾದಿಸುತ್ತದೆ."

ಹತ್ತು ನಿಮಿಷಗಳನ್ನು ಮರಳಿ ಜಾರಿಗೆ ತಂದದ್ದಕ್ಕಾಗಿ ನನಗೆ ಎರಡನೆಯ ಅಭಿನಂದನಾ ಪತ್ರ ಬಂತು. ಅದನ್ನು ಮೊದಲನೆಯದರ ಪಕ್ಕದಲ್ಲಿ ತೂಗುಹಾಕಲಾಯಿತು. ಮೊಳೆ ಹೊಡೆದವಳು ಡಾರ್ಲೀನ್. "ನೆಟ್ಟಗಿದ್ಯಾ?" ಎಂದು ನಾನು ಕೇಳಿದೆ. "ಗಮನಿಸಲಾಗಿದೆ," ಎಂದಳು.

ಮಾರ್ಚ್ ಮೊದಲ ವಾರ ಗುಣಮುಖರಾದವರಿಗೆ ಕ್ಯಾಂಟೀನಿನಲ್ಲಿ ಸನ್ಮಾನ. ನಲವತ್ತೊಂದು ಜನರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು ಕೇಕು ತಿಂದರು. ಮೂವರು ನನ್ನನ್ನು ತಬ್ಬಿಕೊಂಡು ಅತ್ತರು. ನಾಲ್ಕನೆಯವರು ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಬೋಯ್ಕೋ ಅವರನ್ನು ಕೈ ಹಿಡಿದು ಹೊರಗಿನ ಮೊಗಸಾಲೆಗೆ ಕರೆದೊಯ್ದೆ.

"ಬೋಯ್ಕೋ ಅವರೇ, ನಿಮಗೆ ಆ ಕಾಯಿಲೆ ಇರ್ಲೇ ಇಲ್ಲ. ಆ ನೊರೆ ಜ್ವರದಿಂದ ಬಂದದ್ದು. ನಾನು ನೋಡಿದ್ದು ಬರೀ ಬಣ್ಣ. ತಪ್ಪು ನನ್ನದು."

ಅವರು ಕೈಯಲ್ಲಿದ್ದ ಕಾಗದದ ತಟ್ಟೆಯನ್ನು ಬಗ್ಗಿ ನೆಲದ ಮೇಲಿಟ್ಟರು.

"ನಾಲ್ಕು ವರ್ಷ," ಎಂದರು.

"ಹೌದು."

"ಮೊಮ್ಮಗಳ ಮದುವೇಲಿ ನಾನು ಕುಣೀಲಿಲ್ಲ ಡಾಕ್ಟ್ರೇ. ಕುರ್ಚಿ ಹಾಕಿ ಮೂಲೇಲಿ ಕೂರಿಸಿದ್ರು. ಒಬ್ಬೊಬ್ರೇ ಬಂದು ಕೈ ಮುಟ್ಟಿ ಹೋಗೋರು, ಹೆಣ ನೋಡೋಕೆ ಬಂದಂಗೆ."

ಇದಕ್ಕೆ 'ಗಮನಿಸಲಾಗಿದೆ' ಎಂಬ ಷರಾ ಸಾಲದು. "ದೂರು ಕೊಡಿ," ಎಂದೆ. "ನನ್ನ ಹೆಸರು ಹಾಕಿಯೇ ಕೊಡಿ. ಸಾಕ್ಷಿಗೂ ನಾನೇ ಬರ್ತೀನಿ."

ಅವರು ಬಾಗಿಲ ಗಾಜಿನಿಂದ ಒಳಗೆ ನೋಡಿದರು. ಸ್ಟೆಫಾ ಯಾರಿಗೋ ಕೈ ಬೀಸಿ ಬೀಸಿ ಗಂಡನ ಕಥೆ ಹೇಳುತ್ತಿದ್ದರು.

"ಇದು ಇನ್ಯಾರಿಗೆ ಗೊತ್ತು?"

"ಡಾರ್ಲೀನ್‌ಗೆ. ಮೇಡಂಗೆ."

"ಸ್ಟೆಫಾಗೆ?"

"ಇಲ್ಲ. ಈಗ ಒಳಗೆ ಹೋಗಿ ನಾನೇ ಹೇಳ್ತೀನಿ."

ತಟಕ್ಕನೆ ಅವರು ನನ್ನ ತೋಳು ಹಿಡಿದರು. "ತಲೆ ಕೆಟ್ಟಿದ್ಯೇನ್ರೀ ನಿಮಗೆ? ನಾಲ್ಕು ಚಳಿಗಾಲ ಮನೆ ಮುಂದಿನ ಹಿಮ ಪೂರ್ತಿ ಅವಳೇ ಎತ್ತಿದ್ದಾಳೆ! ನಾನು ಕಿಟಕಿ ಹತ್ರ ಕಂಬಳಿ ಹೊದ್ದು ಕೂತು, 'ಆ ಮೂಲೇಲಿ ಇನ್ನೂ ಸ್ವಲ್ಪ ಇದೆ ನೋಡೇ' ಅಂತಿದ್ದೆ. ಕಾಯಿಲೆ ಇರ್ಲೇ ಇಲ್ಲ ಅಂತ ಗೊತ್ತಾದ್ರೆ ಆ ಸಲಿಕೆ ಎಲ್ಲಿ ಬೀಳತ್ತೆ ಗೊತ್ತಾ?"

"ಮತ್ತೆ ಏನ್ಮಾಡೋಣ?"

"ಗುಣ ಆಯ್ತು ಅಂತಲೇ ಇರ್ಲಿ." ಅವರು ಮತ್ತೊಮ್ಮೆ ಗಾಜಿನಿಂದ ಇಣುಕಿ, ದನಿ ತಗ್ಗಿಸಿದರು. "ಅಲ್ಲ, 'ನಿಧಾನವಾಗಿ ಗುಣ ಆಗ್ತಿದೆ' ಅಂತ ಬರೆದುಕೊಡೋಕಾಗತ್ತಾ? ಇನ್ನೂ ಮಾರ್ಚ್ ಪೂರ್ತಿ ಇದೆ. ಏಪ್ರಿಲಲ್ಲೂ ಒಂದೆರಡು ಸಲ ಹಿಮ ಬೀಳತ್ತೆ."

ನಾನು ಪೆನ್ನು ತೆಗೆದೆ. ಸದರಿ ರೋಗಿಯು ಏಪ್ರಿಲ್ ಮೂವತ್ತರವರೆಗೆ ಸಲಿಕೆ ಹಿಡಿಯತಕ್ಕದ್ದಲ್ಲ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟೆ. ನನ್ನ ಸೇವಾವಧಿಯಲ್ಲಿ ರೋಗಿಯ ಮುಖ ನೋಡಿ ಬರೆದ ಮೊದಲ ವರದಿ ಅದು. ಈವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ.