ಘಟಸರ್ಪದ ಏಳನೇ ತಲೆ

ಘಟಸರ್ಪಕ್ಕೆ ಏಳು ತಲೆ ಇರಬೇಕು. ದರ್ಜಿಯ ಹತ್ತಿರ ಆರು ತಲೆಗಾಗುವಷ್ಟೇ ಕೆಂಪು ಬಟ್ಟೆ ಇತ್ತು. ಆ ಶನಿವಾರ ಹಾಳಾದದ್ದು ಇಷ್ಟರಿಂದಲೇ.

ಬೇರೆ ದಿನವಾಗಿದ್ದರೆ ಒಂದು ತಲೆ ಇನ್ನೊಂದರ ಹಿಂದೆ ಮರೆಯಾಗಿದೆ ಎಂದು ಹೇಳಿಬಿಡಬಹುದಿತ್ತು. ಆದರೆ ಇವತ್ತು ಎದುರಿಗೆ ಕೂರುವವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಶಾಲೆಯ ಮೇಷ್ಟ್ರು. ಎಣಿಸದೆ ಬಿಡುವವನಲ್ಲ.

ದರ್ಜಿಯ ಪಟ ಹದಿನೆಂಟು ಅಡಿ ಉದ್ದದ್ದು. ಕೋರಾ ಬಟ್ಟೆಯ ಮೇಲೆ ಅವನು ಬೈಬಲಿನ ಕೊನೆಯ ಪುಸ್ತಕ ಹೇಳುವ ಲೋಕಾಂತ್ಯವನ್ನು ಎಡದಿಂದ ಬಲಕ್ಕೆ ಹೊಲಿದಿದ್ದ. ಮೊದಲು ತುತೂರಿ, ಮೋಡದೊಳಕ್ಕೆ ಎತ್ತಲ್ಪಡುವ ವಿಶ್ವಾಸಿಗಳು. ಆಮೇಲೆ ಏಳು ವರ್ಷದ ಮಹಾಸಂಕಟ. ಆಮೇಲೆ ಕರ್ತನು ಬರುವುದು, ಘಟಸರ್ಪವನ್ನು ಸರಪಳಿಯಲ್ಲಿ ಬಿಗಿದು ಕೂಪಕ್ಕೆ ತಳ್ಳುವುದು, ಭೂಮಿಯ ಮೇಲೆ ಸಾವಿರ ವರ್ಷದ ಆಳಿಕೆ. ಬಲತುದಿಯಲ್ಲಿ ನ್ಯಾಯತೀರ್ಪು. ಎಲ್ಲವೂ ಅಂಗಡಿಯಲ್ಲಿ ಉಳಿದ ತುಂಡುಗಳಿಂದ ಮಾಡಿದ್ದು. ಹೋದ ತಿಂಗಳು ಇಲಿಯೊಂದು ಪಟದ ಸುರುಳಿಗೆ ಹೊಕ್ಕು, ವಿಶ್ವಾಸಿಗಳಲ್ಲಿ ಒಬ್ಬರನ್ನೂ ಮುಟ್ಟದೆ, ಘಟಸರ್ಪವನ್ನು ಮಾತ್ರ ತಿಂದುಹಾಕಿತ್ತು. ಅದಕ್ಕೇ ಹೊಸದು ಬೇಕಾಗಿತ್ತು.

ಹನ್ನೆರಡು ವರ್ಷದಿಂದ ಪ್ರತಿ ಭಾನುವಾರ ಮೂರು ಗಂಟೆಗೆ ಅವನು ಚರ್ಚಿನ ಹಿಂದಿನ ಕೋಣೆಯಲ್ಲಿ ಈ ಪಟ ಕಟ್ಟಿ ಪ್ರವಾದನೆಯ ತರಗತಿ ನಡೆಸುತ್ತಿದ್ದ. ನಲವತ್ತು ಜನ ಬರುತ್ತಿದ್ದರು. ವಾರವೆಲ್ಲ ಮೊಣಕಾಲೂರಿ ಜನರ ಪ್ಯಾಂಟಿನ ಉದ್ದ ಅಳೆಯುವವನನ್ನು ಆ ಒಂದು ಗಂಟೆ ಮಾತ್ರ ಜನ ಕತ್ತೆತ್ತಿ ನೋಡುತ್ತಿದ್ದರು. 'ಬ್ರದರ್, ಒಂದು ಸಂದೇಹ' ಅನ್ನುತ್ತಿದ್ದರು. ಅವನ ಬದುಕಿನ ಮರ್ಯಾದೆಯೆಲ್ಲ ಆ ಒಂದು ಗಂಟೆಯಲ್ಲಿತ್ತು.

ಎಂಟು ತಿಂಗಳ ಹಿಂದೆ ಮೇಷ್ಟ್ರಿಗೆ ಈ ಊರಿಗೆ ವರ್ಗವಾಯಿತು. ಮೇಷ್ಟ್ರಿಗೆ ಪಟ ಬೇಡ, ಕೋಲು ಬೇಡ. ಆರಾಧನೆ ಮುಗಿದ ಮೇಲೆ ಚರ್ಚಿನ ಬೆಂಚಿನ ತುದಿಗೆ ಕೂತು ಕೈಯಾಡಿಸುತ್ತ ಕೇಳುವುದು: "ಸಾವಿರ ಅಂದರೆ ಲೆಕ್ಕದ ಸಾವಿರ ಅಲ್ಲ. 'ನಿನಗೆ ಸಾವಿರ ಸಲ ಹೇಳಿದ್ದೀನಿ' ಅಂತ ಅಮ್ಮ ಬೈದರೆ ನಾವು ಎಣಿಸೋಕೆ ಕೂತ್ಕೋತೀವಾ?" ಜನ ನಕ್ಕರು. ಕರ್ತನ ಆಳಿಕೆ ಈಗಲೇ ನಡೆಯುತ್ತಿದೆ, ಮೊದಲು ಕೆಲವರನ್ನು ಎತ್ತಿಕೊಂಡು ಹೋಗುವುದೆಲ್ಲ ಇಲ್ಲ, ಬರುವುದು ಒಂದೇ ಸಲ, ತೀರ್ಪು ಒಂದೇ ಸಲ. ಇಷ್ಟೇ ಮೇಷ್ಟ್ರ ಬೋಧನೆ. ಹನ್ನೆರಡು ವರ್ಷದ ಹೊಲಿಗೆಯನ್ನು ಅಮ್ಮನ ಬೈಗುಳ ಒಂದೇ ಎಳೆತಕ್ಕೆ ಬಿಚ್ಚಿಹಾಕಿತು. ಈಗ ಭಾನುವಾರದ ತರಗತಿಗೆ ಬರುವವರು ಹನ್ನೊಂದು ಜನ. ಅದರಲ್ಲಿ ಇಬ್ಬರು ನಿದ್ದೆಗೆ ಬರುವವರು.

ಜಗಳ ಬೆಳೆಯುವುದು ಬೇಡವೆಂದು ಸಭಾಪಾಲಕರು ಒಂದು ದಾರಿ ಹುಡುಕಿದ್ದರು. ಈ ಶನಿವಾರ ಸಂಜೆ ಐದಕ್ಕೆ ಇಬ್ಬರೂ ಸಭೆಯ ಮುಂದೆ ಅರ್ಧರ್ಧ ಗಂಟೆ ಮಾತಾಡಬೇಕು. ತರಗತಿ ಯಾರದೆಂದು ಸಭೆಯ ಹಿರಿಯರು ಅಲ್ಲೇ ಹೇಳುತ್ತಾರೆ.

ಬೆಳಗ್ಗೆಯಿಂದ ದರ್ಜಿ ಕೆಂಪು ಬಟ್ಟೆ ಹುಡುಕುತ್ತಿರುವಾಗ ಹೆಂಡತಿ ಒಳಗಿನಿಂದ ಬಂದಳು.

"ರೀ, ತಂಗಿ ಗಂಡನ ಕೋಟು ನಾಲ್ಕು ಗಂಟೆಗೆ ಬೇಕಂತೆ. ಸಂಜೆ ಅದನ್ನೇ ಹಾಕ್ಕೋತಾರಂತೆ."

"ಇವತ್ತೇ ಬೇಕಾ?"

"ಎರಡು ವಾರದಿಂದ ನೇತಾಕಿದ್ದೀರಲ್ಲ. ಲೈನಿಂಗ್ ಒಂದು ಬಾಕಿ. ಪಾಪ, ಒಳ್ಳೇ ಮೈಕಟ್ಟು, ಏನು ಹಾಕಿದರೂ ಒಪ್ಪುತ್ತೆ."

ಮದುವೆಯಾಗಿ ಹದಿನಾರು ವರ್ಷವಾಗಿತ್ತು. ತನ್ನ ಮೈಕಟ್ಟಿನ ಬಗ್ಗೆ ಅವಳು ಹೇಳಿದ ಮಾತು ದರ್ಜಿಗೆ ನೆನಪಿದ್ದದ್ದು ಒಂದೇ: 'ಸ್ವಲ್ಪ ಪಕ್ಕಕ್ಕೆ ಸರೀರಿ.'

ಅಷ್ಟರಲ್ಲಿ ಅಂಗಡಿಯ ಬೆಂಚಿಗೆ ನಿವೃತ್ತ ಪೋಸ್ಟ್‌ಮಾಸ್ಟರು ಬಂದು ಪೇಪರ್ ಬಿಡಿಸಿದರು. ನಿವೃತ್ತಿಯಾದ ಮೇಲೆ ಅದೇ ಅವರ ನೌಕರಿ. ಅವರ ಹಿಂದೆಯೇ ಏಪ್ರನ್ ಕೇಳಲು ನರ್ಸಮ್ಮ ಬಂದಳು.

"ಸುಮ್ಮನೆ ಕಣ್ಣು ಹಾಳು ಮಾಡ್ಕೋತೀಯಲ್ಲಯ್ಯ ಟೈಲರ್," ಎಂದರು ಪೋಸ್ಟ್‌ಮಾಸ್ಟರು. "ಅದೆಲ್ಲ ಹಳೇ ಕಾಗದ. ಆ ಕಾಲದ ಸಭೆಗಳಿಗೆ ಬರೆದದ್ದು, ಆ ಕಾಲಕ್ಕೇ ಬಟವಾಡೆ ಆಯ್ತು. ಆಗಲೇ ಯೆಹೂದ್ಯರ ಪಟ್ಟಣ ಸುಟ್ಟಿತು, ದೇವಾಲಯ ಬಿತ್ತು, ಮುಗೀತು. ಇನ್ನೊಬ್ಬರ ಟಪಾಲು ಒಡೆದು ಓದಿ ನೀನು ಹೆದರ್ತಿದ್ದೀಯ."

"ಹೆದರೋದು ಯಾಕೆ," ಎಂದಳು ನರ್ಸಮ್ಮ. "ಲೋಕ ದಿನದಿನಕ್ಕೆ ಸುಧಾರಿಸ್ತಿದೆ. ನಾನು ಕೆಲಸಕ್ಕೆ ಸೇರಿದಾಗ ಹತ್ತು ಕೂಸಲ್ಲಿ ಮೂರು ಕೈಬಿಟ್ಟು ಹೋಗ್ತಿದ್ದವು. ಈಗ ನೋಡಿ. ಹೀಗೇ ಎಲ್ಲಾ ಸರಿಹೋದ ಮೇಲೆ ಕರ್ತ ಬರ್ತಾನೆ. ನನ್ನ ಏಪ್ರನ್ ಆಯ್ತಾ?"

"ಸೋಮವಾರ ಕೊಡ್ತೀನಿ."

"ಹೋದ ಸೋಮವಾರವೂ ಹಾಗೇ ಅಂದೆ."

"ಲೋಕ ಸುಧಾರಿಸುತ್ತೆ ನರ್ಸಮ್ಮ, ಇವನು ಸುಧಾರಿಸಲ್ಲ," ಎಂದು ಪೋಸ್ಟ್‌ಮಾಸ್ಟರು ಪುಟ ಮಗುಚಿದರು. "ಸಂಜೆ ಯಾರು ಗೆಲ್ಲಬಹುದು?"

"ಮೇಷ್ಟ್ರೇ. ಅವರು ಹೇಳೋದು ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲಪ್ಪ. ಆದರೆ ಮಾತಾಡ್ತಾ ಎರಡೂ ಕೈ ಮೇಲೆತ್ತಿದರೆ ಮೈ ಜುಂ ಅನ್ನುತ್ತೆ."

ದರ್ಜಿ ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ನಾಲ್ಕು ಸಲ ತಪ್ಪಿತು.

ಅವರು ಹೋದ ಮೇಲೆ ಅವನು ಕೋಟನ್ನು ಹ್ಯಾಂಗರಿನಿಂದ ತೆಗೆದು ಮೇಜಿನ ಮೇಲೆ ಹಾಸಿದ. ಹೊರಗೆ ಕಡುನೀಲಿ. ಒಳಗೆ ಹಾಕಬೇಕಾದ ಲೈನಿಂಗ್ ಸ್ಯಾಟಿನ್ನಿನದು. ನಾದಿನಿ ತಾನೇ ಆರಿಸಿ ತಂದುಕೊಟ್ಟದ್ದು. ಕೆಂಪು. ಘಟಸರ್ಪಕ್ಕೆಂದೇ ನೇಯ್ದಂಥ ಕೆಂಪು.

ಕೋಟಿನ ಲೈನಿಂಗಿಗೆ ಬೆನ್ನಿನ ನಡುವೆ ಒಂದು ಮಡಿಕೆ ಬಿಡಬೇಕು, ಕಂಕುಳಲ್ಲಿ ಬೆರಳಷ್ಟು ಸಡಿಲ ಇಡಬೇಕು. ಇಲ್ಲದಿದ್ದರೆ ತೊಟ್ಟವನು ಕೈ ಎತ್ತಿದಾಗ ಬೆನ್ನು ಹಿಡಿದೆಳೆಯುತ್ತದೆ. ಹೊಲಿಗೆ ಕಲಿಯುವವರು ಮೊದಲ ತಿಂಗಳಲ್ಲೇ ಕಲಿಯುವ ಪಾಠ. ದರ್ಜಿ ಆ ಪಾಠವನ್ನು ಚೆನ್ನಾಗಿ ನೆನಪಿಸಿಕೊಂಡು, ಬೆನ್ನಿನ ಮಡಿಕೆಯನ್ನೂ ಕಂಕುಳಿನ ಸಡಿಲವನ್ನೂ ಕತ್ತರಿಸಿ ತೆಗೆದ. ಸರಿಯಾಗಿ ಒಂದು ತಲೆಗಾಯಿತು. ಬೇಕೆಂದು ಮಾಡಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬೇಡವೆಂದೂ ಅನ್ನಿಸಲಿಲ್ಲ.

ನಾಲ್ಕು ಗಂಟೆಗೆ ಮೇಷ್ಟ್ರು ಹೆಂಡತಿಯೊಡನೆ ಬಂದು ಕೋಟು ತೊಟ್ಟರು. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು. ನಾದಿನಿ ಎರಡು ಹೆಜ್ಜೆ ಹಿಂದೆ ಸರಿದು ಗಂಡನನ್ನೇ ನೋಡುತ್ತ ನಿಂತಳು. ಹೆಂಡತಿ ಅಡುಗೆಮನೆಯಿಂದ ಚಿನ್ನದಂಚಿನ ಕಪ್ಪಿನಲ್ಲಿ ಚಹಾ ತಂದಳು. ಆ ಕಪ್ಪು ಮೇಷ್ಟ್ರು ಬಂದಾಗ ಮಾತ್ರ ಕಪಾಟಿನಿಂದ ಕೆಳಗಿಳಿಯುತ್ತಿತ್ತು.

"ಅಣ್ಣ, ಹಿಂದಿನಿಂದ ಯಾರೋ ಹಿಡ್ಕೊಂಡ ಹಾಗಿದೆಯಲ್ಲ," ಎಂದರು ಮೇಷ್ಟ್ರು ಭುಜ ಅಲ್ಲಾಡಿಸಿ.

"ಹೊಸ ಬಟ್ಟೆ. ಮೈಗೆ ಹೊಂದ್ಕೋಬೇಕು."

"ಹೌದಾ. ನೀವು ಹೇಳಿದ ಮೇಲೆ ಆಯ್ತು."

ಈ ಮಾತು ದರ್ಜಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮನುಷ್ಯ ಕೆಟ್ಟವನಾದರೂ ಆಗಿದ್ದರೆ ದ್ವೇಷಿಸಲು ಅನುಕೂಲವಾಗುತ್ತಿತ್ತು.

ಐದಕ್ಕೆ ಚರ್ಚು ತುಂಬಿತ್ತು. ಮೊದಲ ಸರದಿ ದರ್ಜಿಯದು. ಅವನು ಪಟ ಬಿಚ್ಚಿ ಗೋಡೆಗೆ ಕಟ್ಟಿದ. ಘಟಸರ್ಪ ನಡುವೆ ಕೆಂಪಗೆ ಮೆರೆಯುತ್ತಿತ್ತು. ಕೋಲಿನಿಂದ ಮೊದಲ ತಲೆ ಮುಟ್ಟಿ, "ಏಳು ತಲೆ ಅಂದರೆ ಏಳು ರಾಜ್ಯಗಳು," ಎಂದು ಶುರುಮಾಡಿದ.

"ಭಾವ," ಎಂದಳು ಎರಡನೇ ಸಾಲಿನಿಂದ ನಾದಿನಿ, "ಆ ಕಡೇ ತಲೆ ಮಾತ್ರ ಮಿರಿಮಿರಿ ಅಂತಿದೆಯಲ್ಲ. ನಮ್ಮ ಸ್ಯಾಟಿನ್ನಾ?"

ದರ್ಜಿ ಒಂದು ಕ್ಷಣ ತಡವರಿಸಿ, "ಮೊದಲಿನ ಆರು ರಾಜ್ಯ ಬಂದು ಹೋದವು. ಏಳನೇದು ಇನ್ನೂ ಬರಬೇಕು. ಅದಕ್ಕೇ ಹೊಳಪು," ಎಂದ.

ವಿವರಣೆ ಚೆನ್ನಾಗಿತ್ತು. ಆದರೆ ಅಷ್ಟು ಹೊತ್ತಿಗೆ ಜನ ಪಟವನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದರು.

"ಪಟದಲ್ಲಿರೋ ಆ ಸಮುದ್ರ ನನ್ನ ಪರದೆ," ಎಂದಳು ನರ್ಸಮ್ಮ ನಿಧಾನವಾಗಿ. "ಬಟ್ಟೆ ಸಾಲಲಿಲ್ಲ ಅಂತ ಗಿಡ್ಡ ಮಾಡಿ ಕೊಟ್ಟೆಯಲ್ಲ, ಅದೇ ಪರದೆ."

ಪೋಸ್ಟ್‌ಮಾಸ್ಟರು ಎದ್ದು ನಿಂತರು. ಅವರ ಪ್ಯಾಂಟು ಕಣಕಾಲಿನಿಂದ ನಾಲ್ಕು ಬೆರಳು ಮೇಲಿತ್ತು. "ಇದು ಯಾಕೆ ಹೀಗೆ ಅಂತ ಮೂರು ವರ್ಷದಿಂದ ಯೋಚಿಸ್ತಿದ್ದೆ. ಮಿಕ್ಕಿದ್ದು ಪಾತಾಳದ ಕೂಪದಲ್ಲಿದೆ."

ಹಿಂದಿನ ಸಾಲಿನವರು ಮುಂದೆ ಬಂದರು. ಮಹಾಸಂಕಟದ ಬೆಂಕಿಯಲ್ಲಿ ಒಬ್ಬಳಿಗೆ ತನ್ನ ರವಿಕೆ ಕಂಡಿತು. ತುತೂರಿಯಲ್ಲಿ ಇನ್ನೊಬ್ಬರಿಗೆ ದಿಂಬಿನ ಚೀಲ ಕಂಡಿತು. ಸಭಾಪಾಲಕರು ಕನ್ನಡಕ ಸರಿಮಾಡಿಕೊಂಡು ಮೋಡದೊಳಕ್ಕೆ ಏರುತ್ತಿದ್ದ ವಿಶ್ವಾಸಿಗಳ ಬಿಳಿ ನಿಲುವಂಗಿಗಳನ್ನು ಹತ್ತಿರದಿಂದ ನೋಡಿದರು. ತಮ್ಮ ನಿಲುವಂಗಿಯ ತೋಳನ್ನು ಒಮ್ಮೆ ಮುಟ್ಟಿಕೊಂಡರು. ಹೋಗಿ ತಮ್ಮ ಜಾಗದಲ್ಲಿ ಕೂತರು. ದರ್ಜಿಯ ಅರ್ಧ ಗಂಟೆ ಹೀಗೆ ಮುಗಿಯಿತು. ಸಾವಿರ ವರ್ಷದ ಹತ್ತಿರಕ್ಕೂ ಅವನು ಹೋಗಿರಲಿಲ್ಲ.

ಮೇಷ್ಟ್ರು ಎದ್ದರು. ಎಂದಿನಂತೆ ಎರಡೂ ಕೈ ಎತ್ತಲು ಹೋದರು. ಕೈ ಎದೆಯವರೆಗೆ ಬಂದು ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿದರು, ಆಗಲಿಲ್ಲ. ದರ್ಜಿ ಗೋಡೆಗೊರಗಿ ಕೂತ. ಬೆಳಗ್ಗೆಯಿಂದ ಮೊದಲ ಬಾರಿ ಉಸಿರು ಸರಾಗವಾಯಿತು.

ಕೈ ಮೇಲೇರದ ಮೇಷ್ಟ್ರು ಎರಡೂ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿ, ತಗ್ಗಿದ ದನಿಯಲ್ಲಿ ಮಾತು ಆರಂಭಿಸಿದರು. ಕೇಳಿಸಲೆಂದು ಇಡೀ ಸಭೆ ಮುಂದಕ್ಕೆ ಬಾಗಿತು.

"ಎಷ್ಟು ವಿನಯ ನೋಡಿ," ಎಂದು ನರ್ಸಮ್ಮ ಪಕ್ಕದವಳಿಗೆ ಪಿಸುಗುಟ್ಟಿದಳು.

"ಅಣ್ಣನ ಮಾತನ್ನ ಖಂಡಿಸೋಕೆ ಅಂತ ಮೂರು ವಾರ ಕೂತು ಓದಿದೆ," ಎಂದರು ಮೇಷ್ಟ್ರು. "ಓದ್ತಾ ಓದ್ತಾ ನನಗೇ ನಾಚಿಕೆ ಆಯ್ತು. ಆ ಒಂದೇ ಅಧ್ಯಾಯದಲ್ಲಿ ಸಾವಿರ ವರ್ಷ ಅಂತ ಆರು ಸಲ ಬರುತ್ತೆ. ಮಾತಿಗೆ ಅನ್ನೋರು ಒಂದು ಸಲ ಅಂತಾರೆ, ಎರಡು ಸಲ ಅಂತಾರೆ. ಆರು ಸಲ ಹೇಳೋರು ಎಣಿಸಿಯೇ ಹೇಳಿರ್ತಾರೆ. ಅಣ್ಣ ಇದನ್ನ ಹನ್ನೆರಡು ವರ್ಷದಿಂದ ಹೇಳ್ತಿದ್ದಾರಂತೆ. ನಾನು ಕೇಳಿಸಿಕೊಳ್ಳಲಿಲ್ಲ. ಈ ಪಟದಲ್ಲಿ ಇರೋದೆಲ್ಲ ನಿಜ. ನಾನು ತಪ್ಪಿದ್ದೆ."

ಆಮೇಲೆ ಪಟದ ಪಕ್ಕ ನಿಂತು, ತುತೂರಿಯಿಂದ ತೀರ್ಪಿನವರೆಗೆ ಎಲ್ಲವನ್ನೂ ಹೇಳಿದರು. ಅದೇ ಮಾತು. ದರ್ಜಿಯ ಬಾಯಲ್ಲಿ ಹನ್ನೆರಡು ವರ್ಷ ಆಕಳಿಕೆ ತರಿಸಿದ್ದ ಮಾತು ಮೇಷ್ಟ್ರ ಬಾಯಲ್ಲಿ ಹೆಂಗಸರ ಕಣ್ಣು ಒದ್ದೆಮಾಡಿತು. ಪೋಸ್ಟ್‌ಮಾಸ್ಟರು ಸಹ ಕಾಗದ ಇನ್ನೂ ಬಟವಾಡೆ ಆಗಿಲ್ಲವೇನೋ ಎಂಬಂತೆ ಬಾಗಿಲ ಕಡೆ ನೋಡಿದರು. ದರ್ಜಿಯ ಹೆಂಡತಿ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಿದ್ದಳು. ಅದನ್ನು ನೋಡಿದ್ದೇ ದರ್ಜಿಗೆ ತಡೆಯಲಾಗಲಿಲ್ಲ. ತರಗತಿ ಹೋದರೆ ಹೋಗಲಿ. ತನ್ನ ಸಾವಿರ ವರ್ಷವನ್ನೂ ಇವನೇ ಎತ್ತಿಕೊಂಡು ಹೋಗುವುದೆಂದರೇನು?

"ಅದು ತಪ್ಪು," ಎಂದ ಎದ್ದು ನಿಂತು.

ಸಭೆ ತಿರುಗಿತು.

"ಸರಪಳಿ ಅಂದರೆ ಕಬ್ಬಿಣದ ಸರಪಳಿ ಅಲ್ಲ, ಸಂಕೇತ ಅಂತೀರಿ. ಕೂಪದ ಬೀಗದ ಕೈ ಸಂಕೇತ, ಘಟಸರ್ಪ ಸಂಕೇತ. ಸಾವಿರ ಒಂದನ್ನ ಮಾತ್ರ ಟೇಪು ಹಿಡಿದು ಅಳೀಬೇಕಾ? ಒಂದೇ ಥಾನಿನ ಬಟ್ಟೆ ಇದು. ಅರ್ಧ ಒಂದು ಅಳತೆ, ಅರ್ಧ ಇನ್ನೊಂದು ಅಳತೆ ಹೊಲಿದರೆ ಯಾರ ಮೈಗಾಗುತ್ತೆ?"

ಮೇಷ್ಟ್ರನ್ನು ಸೋಲಿಸಲೆಂದು ಅವರ ವಾದವನ್ನೆಲ್ಲ ಅವನು ಎಂಟು ತಿಂಗಳಿಂದ ಬಾಯಿಪಾಠ ಮಾಡಿದ್ದ. ಈಗ ಅದೆಲ್ಲ ಕಟ್ಟೆಯೊಡೆದು ಬಂತು. ಆಳಿಕೆ ಈಗಲೇ ನಡೆಯುತ್ತಿದೆ ಎಂದ. ಬೆದರುತ್ತ ಕಾಯುವುದಲ್ಲ, ಇವತ್ತೇ ಅದಕ್ಕೆ ತಕ್ಕ ಹಾಗೆ ಬದುಕಬೇಕು ಎಂದ. ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದ. ಮುಗಿಸಿ ಕೂತ. ಆಮೇಲೆ ಚಪ್ಪಾಳೆ ಶುರುವಾಯಿತು. ಮೇಷ್ಟ್ರೂ ಎದೆಯ ಹತ್ತಿರವೇ ಕೈ ತಟ್ಟುತ್ತಿದ್ದರು.

ಹಿರಿಯರು ಮೂಲೆಯಲ್ಲಿ ತಲೆ ಸೇರಿಸಿ ಗುಸುಗುಟ್ಟಿದರು. ಎಲ್ಲರಿಗಿಂತ ವಯಸ್ಸಾದವರು ಎದ್ದು ಬಂದರು.

"ಈ ಸಭೆಗೆ ಬಂದು ನಲವತ್ತು ವರ್ಷ ಆಯ್ತು. ಸಂಜೆ ಹೊತ್ತು ಪೂರ್ತಿ ಎಚ್ಚರವಾಗಿದ್ದದ್ದು ಇವತ್ತೇ," ಎಂದರು. "ಅದಕ್ಕೇ ಇಬ್ಬರೂ ಬೇಕು. ನಾಳೆಯಿಂದ ಪ್ರತಿ ಭಾನುವಾರ ಮೂರು ಗಂಟೆಗೆ ಇಬ್ಬರೂ ಅಕ್ಕಪಕ್ಕ ಕೂತು ವಾದ ಮಾಡಬೇಕು. ಮೇಷ್ಟ್ರು ಪಟದ ಪರ. ಟೈಲರ್ ಪಟದ ವಿರುದ್ಧ. ಒಂದು ವರ್ಷ."

ದರ್ಜಿ ಮತ್ತೆ ಎದ್ದು ನಿಂತ. "ಅಯ್ಯಾ, ನಾನು ಈಗ ಹೇಳಿದ್ದು, ನೋಡಿ, ಒಂದು ಮಾತಿಗೆ. ನಿಜವಾಗಿ ನನ್ನದೂ ಪಟದ ಪಕ್ಷವೇ."

"ಇಬ್ಬರೂ ಒಂದೇ ಹೇಳೋದಾದರೆ ಇಬ್ಬರು ಯಾಕಪ್ಪ?" ಎಂದರು ಸಭಾಪಾಲಕರು ಮೃದುವಾಗಿ. "ಮೇಷ್ಟ್ರು ಒಬ್ಬರೇ ಸಾಕಲ್ಲ."

ದರ್ಜಿ ಜನರನ್ನು ನೋಡಿದ. ಪಟ ನೋಡಿದ. ಮೇಷ್ಟ್ರನ್ನು ನೋಡಿದ.

"ವಿರುದ್ಧವೇ ಇರ್ತೀನಿ," ಎಂದ.

"ಒಳ್ಳೇದಾಯ್ತು ಅಣ್ಣ," ಎಂದು ಮೇಷ್ಟ್ರು ಅವನ ಕೈ ಹಿಡಿದುಕೊಂಡರು. "ಇನ್ನು ವಾರ ವಾರವೂ ಜೊತೆಗಿರಬಹುದು. ಪ್ರತಿ ಶನಿವಾರ ಸಂಜೆ ನಿಮ್ಮ ಮನೆಗೇ ಬರ್ತೀನಿ, ಏನೇನು ಹೇಳೋದು ಅಂತ ಸೇರಿ ಕೂತು ನೋಡೋಣ."

"ಬನ್ನಿ, ಬನ್ನಿ. ಊಟಕ್ಕೇ ಬಂದುಬಿಡಿ," ಎಂದಳು ದರ್ಜಿಯ ಹೆಂಡತಿ.

ದರ್ಜಿ ಪಟದ ಸುರುಳಿಯನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿದ. ಹೆಂಡತಿ ಒಂದು ಸಲ ಕೇಳಿದಳು: "ಅಲ್ಲಾ ರೀ, ಸಾವಿರ ವರ್ಷ ಇದೆಯೋ ಇಲ್ಲವೋ? ನನಗೊಬ್ಬಳಿಗಾದರೂ ನಿಜ ಹೇಳಿ."

"ಒಂದು ವರ್ಷ ಇರೋದಂತೂ ನಿಜ," ಎಂದ ದರ್ಜಿ.

ಊಟಕ್ಕೆ ಮೊದಲು ಇಬ್ಬರೂ ಮೇಜಿನ ಮುಂದೆ ಕಣ್ಣು ಮುಚ್ಚಿ ಕೂತರು. ಯಾವಾಗಲೂ ಉದ್ದುದ್ದ ಪ್ರಾರ್ಥಿಸುವ ದರ್ಜಿ ಆ ದಿನ ಚಿಕ್ಕದಾಗಿ ಮುಗಿಸಿದ.

"ಕರ್ತನೇ, ಸಾವಿರ ವರ್ಷಕ್ಕೆ ಮೊದಲಾದರೂ ಸರಿ, ಆಮೇಲಾದರೂ ಸರಿ, ಅದು ನಿನಗೆ ಬಿಟ್ಟದ್ದು. ನಾಳೆ ಮೂರು ಗಂಟೆ ಒಳಗೆ ಬಂದುಬಿಡು."