ಉಬ್ಬದ ಹಿಟ್ಟಿಗೆ ಊರೆಲ್ಲ ವೈದ್ಯರು

ಕೋಲ್ಕತ್ತದಲ್ಲಿ ಒಬ್ಬರನ್ನೇ ಒಂದು ಪ್ರಶ್ನೆ ಕೇಳುವುದು ಸಾಧ್ಯವೇ ಇಲ್ಲ. ಪಕ್ಕದವನು ಉತ್ತರ ಕೊಡುತ್ತಾನೆ, ಅದು ತಪ್ಪೆನ್ನಲು ಬಸ್ಸಿನಿಂದ ಇನ್ನೊಬ್ಬ ಇಳಿದು ಬರುತ್ತಾನೆ. ಲೇಕ್ ಗಾರ್ಡನ್ಸ್‌ನಲ್ಲಿ ಉಡುಪಿ ಹೋಟೆಲ್ ಇಟ್ಟ ನನಗೆ ಇದು ಬೇಗ ತಿಳಿಯಿತು. "ಪಪ್ಪಾ, ಜನರ ಹತ್ರ ಕೇಳಿ ಕೆಲಸ ಮಾಡಿಕೊಳ್ಳೋದಕ್ಕೆ ಕ್ರೌಡ್‌ಸೋರ್ಸಿಂಗ್ ಅಂತಾರೆ. ಫ್ರೀ!" ಎಂದಳು ಕಾಲೇಜಿಗೆ ಹೋಗುವ ಮಗಳು. ಫ್ರೀ ಎಂದ ಮೇಲೆ ಬಿಡುವುದುಂಟೇ?

ಸಾಂಬಾರಿನ ಸಲಹೆಗಾರರು

"ನಮ್ಮ ಸಾಂಬಾರಿಗೆ ಇನ್ನೇನು ಬೇಕು? ತಿಳಿಸಿ" ಎಂದು ಗೋಡೆಯ ಮೇಲೆ ಬರೆಸಿದೆ. ಒಬ್ಬರು ಸಕ್ಕರೆ ಸಾಲದು ಎಂದರು, ಇನ್ನೊಬ್ಬರು ಆಲೂಗಡ್ಡೆ ಎಲ್ಲಿ ಎಂದರು. ದಿನವೂ ಬರುವ ಪ್ರೊಫೆಸರು ಬಹಳ ಯೋಚಿಸಿ, "ದಾದಾ, ಒಂದು ಮೀನಿನ ತಲೆ ಹಾಕಿ" ಎಂದರು.

"ಸರ್, ಇದು ಶುದ್ಧ ಸಸ್ಯಾಹಾರಿ ಹೋಟೆಲ್ಲು!"

"ಗೊತ್ತು. ಬಡಿಸುವಾಗ ತೆಗೆದರಾಯಿತು."

ಹಿಟ್ಟಿಗೆ ಹೋಮಿಯೋಪತಿ

ಸಂಕ್ರಾಂತಿಯ ಬೆಳಿಗ್ಗೆ ನಗರದ ಇನ್ನೊಂದು ತುದಿಯ ಡಮ್ ಡಮ್‌ನಲ್ಲಿರುವ ಕನ್ನಡ ಕುಟುಂಬಗಳಿಗೆ ದೋಸೆ ಬಡಿಸಬೇಕೆಂದು ವಾರ ಮೊದಲೇ ಆರ್ಡರ್ ಸಿಕ್ಕಿತು. ನನ್ನ ಮೊದಲ ದೊಡ್ಡ ಆರ್ಡರು. ಕೆಟ್ಟರೆ ನಮ್ಮವರೆದುರೇ ಮಾನ ಹೋಗುತ್ತದೆ, ಮತ್ತೆ ಯಾರೂ ಕರೆಯುವುದಿಲ್ಲ. ಆದರೆ ಆ ಚಳಿಗೆ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಕಷ್ಟ ಹೇಳಿಕೊಂಡೆ.

ಎದುರು ಮನೆಯ ನಿವೃತ್ತ ಗುಮಾಸ್ತರು ಹೋಮಿಯೋಪತಿ ಪೆಟ್ಟಿಗೆ ಹಿಡಿದು ಬಂದರು. "ತೊಂದರೆ ಬೆಳಿಗ್ಗೆ ಜಾಸ್ತಿಯೋ, ಸಂಜೆಯೋ? ಒಂಟಿಯಾಗಿದ್ದರೆ ಹೆದರುತ್ತದೆಯೋ?" ಎಂದು ಹಿಟ್ಟನ್ನು ನೋಡುತ್ತ ನನ್ನನ್ನು ಕೇಳಿದರು. ಮತ್ತೊಬ್ಬರು ತಮ್ಮ ಮಂಕಿ ಕ್ಯಾಪ್ ತಂದು ಪಾತ್ರೆಗೆ ತೊಡಿಸಿದರು. ಮರುದಿನವೂ ಹಿಟ್ಟು ಏಳಲಿಲ್ಲ. ನೆಗಡಿಯಂತೂ ಆಗಲಿಲ್ಲ.

ಮನೆಮನೆಯ ರಜಾಯಿ

ಕೊನೆಗೆ ಬೀದಿಯ ಗಂಡಸರು ಚಹಾ ಅಂಗಡಿಯಲ್ಲಿ ಠರಾವು ಮಾಡಿದರು: ಹಿಟ್ಟನ್ನು ಒಂದೊಂದು ಮನೆಗೆ ಹಂಚುವುದು, ಅವರವರ ರಜಾಯಿಯೊಳಗೆ ಬೆಚ್ಚಗಿಡುವುದು. ನನಗೆ ಕಣ್ಣೀರೇ ಬಂತು. ಸಂಕ್ರಾಂತಿಯ ಹಿಂದಿನ ದಿನ ಹೊಸದಾಗಿ ರುಬ್ಬಿದ ಹಿಟ್ಟಿನ ಪಾತ್ರೆಗಳನ್ನು ಮನೆಮನೆಗೆ ಮುಟ್ಟಿಸಿದೆ. ತೆಗೆದುಕೊಂಡವರು ಹೆಂಗಸರು. ಅವರಿಗೆ ಠರಾವಿನ ಸುದ್ದಿಯನ್ನು ಯಾವ ಗಂಡನೂ ಹೇಳಿರಲಿಲ್ಲ.

ಬೆಳಿಗ್ಗೆ ಹೋದರೆ ಗುಮಾಸ್ತರ ಹೆಂಡತಿ, ಬೀದಿಗೆಲ್ಲ ಬೌದಿ ಅಂದರೆ ಅತ್ತಿಗೆ, ಪಾತ್ರೆ ಕೈಗಿತ್ತರು. ಒಳಗೆ ಹಿಟ್ಟಿಲ್ಲ! ತೆಳ್ಳಗೆ ಹುಯ್ದು ಮಡಚಿದ ಬಿಳಿ ಪಿಠೆ, ಬಂಗಾಳಿಗಳ ಸಂಕ್ರಾಂತಿಯ ತಿಂಡಿ, ಜೊತೆಗೆ ಖರ್ಜೂರದ ಬೆಲ್ಲ.

"ಹಬ್ಬದ ಪಿಠೆಗೆ ಅಕ್ಕಿ-ಉದ್ದಿನ ಹಿಟ್ಟು ರುಬ್ಬಿ ಕಳಿಸಿದಿರಲ್ಲ ದಾದಾ! ಪಾತ್ರೆ ಖಾಲಿ ಕೊಡೋದು ಹೇಗೆ?"

ಎಲ್ಲ ಮನೆಯಲ್ಲೂ ಇದೇ ಕಥೆ. "ಡಮ್ ಡಮ್‌ನವರಿಗೆ ಎಂಥ ಬಡಿಸುದು ಈಗ? ಊರೆಲ್ಲ ಕೇಳಿದ್ದಾಯ್ತು, ಇನ್ನು ದೇವರ ಹತ್ರ ಕೇಳಿ!" ಎಂದಳು ಹೆಂಡತಿ.

ಬೇರೆ ದಾರಿಯಿಲ್ಲದೆ ಅದನ್ನೇ ಒಯ್ದು, ತಲೆ ಎತ್ತದೆ ಬಡಿಸಿದೆ. ಕುಂದಾಪುರದ ಹಿರಿಯರೊಬ್ಬರು ಎರಡನೇ ಸಲ ಹಾಕಿಸಿಕೊಂಡು ಕಣ್ಣೊರೆಸಿಕೊಂಡರು.

"ನೀರ್ ದೋಸೆ ಮತ್ತೆ ಬೆಲ್ಲ! ನನ್ನ ಅಮ್ಮ ಹೋದ ಮೇಲೆ ಇಷ್ಟು ಮೆತ್ತಗಿನದ್ದು ತಿಂದದ್ದೇ ಇಲ್ಲ ಮಾರಾಯ್ರೆ. ಬರುವ ವರ್ಷವೂ ನೀವೇ ಬರ್ಬೇಕು. ಈ ಕೈರುಚಿ ಉಂಟಲ್ಲ, ಈ ಬಂಗಾಳಿಗಳಿಗೆ ಏಳು ಜನ್ಮಕ್ಕೂ ಬರುದಿಲ್ಲ!"